ಕಿವಿಯಲ್ಲಿ ಹೇಳಿದ ಹೆಸರು

ದೆವ್ವ, ದೃಷ್ಟಿ, ಶಕುನ ಅಂತ ಯಾರಾದರೂ ಮಾತು ತೆಗೆದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನಾನು. ಕರಾವಳಿಯಿಂದ ಬಂದು ಮುಂಬಯಿಯ ಫೋರ್ಟಿನಲ್ಲಿ ಹೋಟೆಲ್ ನಡೆಸುತ್ತಿದ್ದ ಅಪ್ಪ ಪ್ರತಿ ಶನಿವಾರ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸುತ್ತಿದ್ದರು. "ಸುಮ್ಮನೆ ದಂಡ ಮಾಡ್ತೀರಿ ಅಪ್ಪ, ಉಪ್ಪಿನಕಾಯಿಗಾದರೂ ಹಾಕಿಸಿ" ಅನ್ನುತ್ತಿದ್ದೆ. ಡಾಕ್ಟರಾದ ಮೇಲಂತೂ ನನ್ನ ಬಾಯಿಗೆ ಲಗಾಮೇ ಇರಲಿಲ್ಲ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಗಬಹುದು, ನನಗೆ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದೆ ಮುಂಬಯಿ ಉಪನಗರದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಶ್ವಾಸಕೋಶದ ರಕ್ತನಾಳಗಳ ಬಗ್ಗೆ ಸಂಶೋಧನೆ ಮಾಡುವ ತಂಡದಲ್ಲಿದ್ದೆ. ವಿಷಯ ಅರ್ಥವಾಗದಂಥದ್ದೇನಲ್ಲ. ಕೆಲವು ಮಕ್ಕಳ ಹೃದಯದಲ್ಲಿ ಹುಟ್ಟುವಾಗಲೇ ತೂತಿರುತ್ತದೆ. ಅದರಿಂದ ಬೇಕಾದ್ದಕ್ಕಿಂತ ಹೆಚ್ಚು ರಕ್ತ ಶ್ವಾಸಕೋಶಕ್ಕೆ ನುಗ್ಗುತ್ತದೆ. ಬೇಗ ಆಪರೇಷನ್ ಮಾಡಿ ತೂತು ಮುಚ್ಚಿದರೆ ಸರಿ. ತಡವಾದರೆ ಆ ರಭಸಕ್ಕೆ ಅಲ್ಲಿನ ನಾಳಗಳು ಬಿಸಿಲಿಗೆ ಬಿದ್ದ ರಬ್ಬರ್ ಪೈಪಿನ ಹಾಗೆ ಪೆಡಸಾಗಿಬಿಡುತ್ತವೆ. ಆಮೇಲೆ ತೂತು ಮುಚ್ಚಲು ಹೋದರೆ ಮಗುವೇ ಉಳಿಯುವುದಿಲ್ಲ. ತಡವಾಗಿ ಬಂದ ಮಕ್ಕಳಲ್ಲಿ ಯಾರಿಗೆ ಇನ್ನೂ ಆಪರೇಷನ್ ಮಾಡಬಹುದು, ಯಾರಿಗೆ ಕಾಲ ಮೀರಿತು ಎಂದು ಗುರುತಿಸುವ ದಾರಿ ಹುಡುಕುವುದು ನಮ್ಮ ಕೆಲಸ. ಕಾಲ ಮೀರಿತು ಅಂತ ತಾಯಂದಿರಿಗೆ ಹೇಳುವುದೂ ನಮ್ಮದೇ ಕೆಲಸ. ಅದನ್ನು ಮಾತ್ರ ನಾನು ಕೊನೆಗೂ ಕಲಿಯಲಿಲ್ಲ.

ಪವಾಯಿಯಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನ ಕೆಲಸಕ್ಕೆ ವಿಜಯಪುರದ ಕಡೆಯಿಂದ ಬಂದಿದ್ದ ಗಂಡ ಹೆಂಡತಿ ಒಂದು ದಿನ ಮಗಳನ್ನು ಎತ್ತಿಕೊಂಡು ಬಂದರು. ಮೂರು ವರ್ಷದ ಹುಡುಗಿ, ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಅತ್ತರೆ ತುಟಿ ನೀಲಿಯಾಗುತ್ತಿತ್ತು. ಇವರ ಮೊದಲ ಮಗ ಊರಿನಲ್ಲಿ ಇದೇ ಕಾಯಿಲೆಯಿಂದ ಹೋಗಿದ್ದ. ತಾಯಿ ಕಸ್ತೂರಿಗೆ ಹಿಂದಿ ಅಷ್ಟಕ್ಕಷ್ಟೆ. ಇಡೀ ತಂಡದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಅವಳು ನನ್ನ ಬೆನ್ನು ಬಿಡಲಿಲ್ಲ.

ಮಗುವಿನ ಹೆಸರು ಕೇಳಿದಾಗ "ತಿಪ್ಪವ್ವ ಅಂತ ಬರಕೋರಿ ಅಕ್ಕಾರ" ಅಂದಳು.

"ಹುಟ್ಟಿದ ಕೂಡ್ಲೆ ತಿಪ್ಪಿ ಮ್ಯಾಲ ಇಟ್ಟು ಎತಗೊಂಡೇವ್ರಿ. ಯಾರಿಗೂ ಬ್ಯಾಡಾದ ಕೂಸು ಅಂತ ತಿಳದು ಯಮ ಮುಟ್ಟಬಾರದಲ್ರಿ, ಅದಕ್ಕ."

ನಿಜವಾದ ಹೆಸರು ಬೇರೆ ಇತ್ತು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ, ಅಂದರೆ ಮಗುವಿನ ತಂದೆಯ ತಂಗಿ, ಅದನ್ನು ತಾಯಿಯ ಹೊರತು ಬೇರೆ ಯಾರಿಗೂ ಕೇಳದಂತೆ ಕಿವಿಯಲ್ಲಿ ಹೇಳಿದ್ದಳಂತೆ. ಆ ಅತ್ತೆ ಹಿಂದಿನ ವರ್ಷ ಜ್ವರ ಬಂದು ತೀರಿಹೋಗಿದ್ದಳು. ಈಗ ಆ ಹೆಸರು ಗೊತ್ತಿದ್ದದ್ದು ಕಸ್ತೂರಿಗೆ ಮಾತ್ರ. ಗಂಡನಿಗೂ ಹೇಳಿರಲಿಲ್ಲ, ತಾನೂ ಒಮ್ಮೆಯೂ ಬಾಯಿಬಿಟ್ಟು ಕರೆದಿರಲಿಲ್ಲ. ನಮ್ಮ ಸಂಶೋಧನೆಯಲ್ಲಿ ಮಕ್ಕಳಿಗೆ ಹೆಸರೇ ಇರುವುದಿಲ್ಲ, ಬರೀ ನಂಬರು ಎಂದು ಹೇಳಿದಾಗ ಅವಳ ಮುಖ ಅರಳಿತು. "ಅದ ಛಲೋ ಆತು ನೋಡ್ರಿ. ನಂಬರಿನ ಕೂಸಿನ್ನ ಯಾರು ಹುಡಕ್ಯಾರು?" ನಾನು ನಕ್ಕೆ. ಅವಳು ನಗಲಿಲ್ಲ.

ಪರೀಕ್ಷೆ ಇದ್ದದ್ದು ಒಂದು ಮಧ್ಯಾಹ್ನ. ಮಗುವಿಗೆ ಮಂಪರು ಕೊಟ್ಟು, ತೊಡೆಯ ರಕ್ತನಾಳದಿಂದ ತೆಳ್ಳನೆಯ ನಳಿಕೆಯನ್ನು ಶ್ವಾಸಕೋಶದ ನಾಳದವರೆಗೆ ತೂರಿಸಿ ಅಲ್ಲಿನ ಒತ್ತಡ ಅಳೆಯುತ್ತೇವೆ. ಆಮೇಲೆ ನಾಳಗಳನ್ನು ಸಡಿಲಿಸುವ ಒಂದು ಗ್ಯಾಸ್ ಉಸಿರಿಗೆ ಬಿಡುತ್ತೇವೆ. ಒತ್ತಡ ಇಳಿದರೆ ನಾಳ ಇನ್ನೂ ಮೆತ್ತಗಿದೆ, ಆಪರೇಷನ್ ಮಾಡಬಹುದು. ಇಳಿಯದಿದ್ದರೆ ಮುಗಿಯಿತು. ಅವತ್ತು ಗ್ಯಾಸ್ ಬಿಟ್ಟೆವು, ಕಾದೆವು, ಒತ್ತಡ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ನಮ್ಮ ಹಿರಿಯ ಡಾಕ್ಟರು ನನ್ನತ್ತ ನೋಡಿ ತಲೆ ಅಲ್ಲಾಡಿಸಿದರು. ಹೊರಗೆ ಕಸ್ತೂರಿಗೆ ಯಾವ ಬಾಯಿಂದ ಹೇಳಲಿ ಅಂತ ನಾನು ಯೋಚಿಸುತ್ತಿರುವಾಗಲೇ ಒತ್ತಡ ಒಮ್ಮೆಲೇ ಏರಿತು. ಆಮ್ಲಜನಕ ಕುಸಿಯತೊಡಗಿತು. ಮಗು ಕಣ್ಣೆದುರೇ ಬೂದಿಬಣ್ಣಕ್ಕೆ ತಿರುಗಿತು. ಔಷಧಿ ಹಾಕಿದರು, ಆಮ್ಲಜನಕ ಹೆಚ್ಚಿಸಿದರು, ಯಾವುದೂ ನಾಟಲಿಲ್ಲ. ಅಯ್ಯೋ ದೇವರೇ, ಇವಳೂ ಹೋದಳಲ್ಲ ಅನ್ನಿಸಿತು. ದೇವರನ್ನು ನಂಬದವಳು ನಾನು, ಆದರೂ ಬಂದದ್ದು ಅದೇ ಮಾತು.

ನಾನು ಮಗುವಿನ ತಲೆಯ ಹತ್ತಿರ ನಿಂತಿದ್ದೆ. ನನ್ನ ಹಿಂದೆ ಬರೀ ಗೋಡೆ. ಆಗ ಯಾರೋ ಮುಷ್ಟಿ ಕಟ್ಟಿ ನನ್ನ ಬೆನ್ನಿಗೆ ಗುದ್ದಿದರು. ಸಣ್ಣ ಏಟಲ್ಲ, ಮುಂದಕ್ಕೆ ಬಾಗುವಷ್ಟು ಜೋರಾದ ಏಟು. ಬಾಗಿದವಳು ಮಗುವಿನ ಕಿವಿಗೆ ಬಾಯಿಟ್ಟೆ. ಯಾಕೆ ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ. ನನ್ನ ಮಾಸ್ಕಿನೊಳಗಿಂದ "ಕುರ್ರ್" ಎಂಬ ಸದ್ದು ಹೊರಟಿತು, ಅದರ ಹಿಂದೆಯೇ ಒಂದು ಹೆಸರು. ಕರಾವಳಿಯ ನಮ್ಮ ಕಡೆ ಯಾರೂ ಇಡದ ಹೆಸರು, ನಾನು ಅಲ್ಲಿವರೆಗೆ ಕೇಳಿಯೂ ಇರದ ಹೆಸರು.

"ಗಿರ್ ರಹಾ ಹೈ!" ಎಂದು ಹಿರಿಯ ಡಾಕ್ಟರು ಕೂಗಿದರು. ಒತ್ತಡ ಇಳಿಯುತ್ತಿತ್ತು. ಇಳಿಯುತ್ತಾ ಹೋಗಿ ನಾವು ಆಸೆಪಟ್ಟದ್ದಕ್ಕಿಂತ ಕೆಳಗೆ ನಿಂತಿತು. ಮಗುವಿನ ತುಟಿಗೆ ಬಣ್ಣ ಬಂತು. "ಈ ಹುಡುಗಿಗೆ ಆಪರೇಷನ್ ಮಾಡಬಹುದು" ಅಂದರು ಅವರು. ಔಷಧಿ ಕೆಲವೊಮ್ಮೆ ತಡವಾಗಿ ಹಿಡಿಯುತ್ತದೆ, ಅದು ನನಗೂ ಗೊತ್ತು. ಒತ್ತಡ ಇಳಿದದ್ದಕ್ಕೆ ನಾನು ಬೇಕಾದರೆ ಕಾರಣ ಕೊಡಬಲ್ಲೆ.

ಕಸ್ತೂರಿಗೆ ಹೇಳಲು ಹೊರಗೆ ಓಡಿದೆ. ಅವಳು ಅಳುತ್ತಾ ನನ್ನ ಕಾಲಿಗೆ ಬೀಳಲು ಬಂದಳು. ನಾನೂ ಸಂತೋಷದ ಭರದಲ್ಲಿದ್ದೆ. ಅವಳನ್ನು ಎಬ್ಬಿಸಿ, ಒಳಗೆ ನನ್ನ ಬಾಯಿಗೆ ಬಂದ ಹೆಸರು ಹೇಳಿ, ಇದು ಯಾರ ಹೆಸರು ಅಂತ ಕೇಳಿದೆ. ಅವಳ ಅಳು ಗಕ್ಕನೆ ನಿಂತಿತು.

"ಯಾರು ಹೇಳಿದ್ರು ನಿಮಗ?"

"ಯಾರೂ ಇಲ್ಲ ಮಾರಾಯ್ತಿ, ಸುಮ್ಮನೆ ಬಾಯಿಗೆ ಬಂತು."

"ಬೆನ್ನಿಗೆ ಗುದ್ದಿದ್ರೇನ್ರಿ?"

ಗುದ್ದಿನ ವಿಷಯ ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಅವರ ಕಡೆ ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರಂತೆ. ಅದನ್ನು ನಾನು ಕೇಳಿದ್ದು ಅವತ್ತೇ, ಅವಳ ಬಾಯಿಂದಲೇ.

"ಹಾಗಾದರೆ ಒಳ್ಳೆಯದೇ ಆಯಿತಲ್ಲ, ನಿನ್ನ ನಾದಿನಿಯೇ ಬಂದು ಮಗುವನ್ನು ಉಳಿಸಿದಳು" ಅಂದೆ. ನೋಡಿ, ಇಂಥ ಮಾತಾಡಿದವಳು ನಾನು!

ಕಸ್ತೂರಿ ತಲೆ ಅಲ್ಲಾಡಿಸಿದಳು. "ಉಳಸಾಕ ಬಂದಾಳೋ, ಕರಕೊಂಡು ಹೋಗಾಕ ಬಂದಾಳೋ, ಯಾರಿಗೆ ಗೊತ್ತರೀ? ಸತ್ತಾಕಿ ಕೂಸಿನ ಹೆಸರ ಹಿಡದು ಕರದಾಳ. ಇನ್ನ ಇಲ್ಲಿ ಇರೂದಿಲ್ರಿ ನಾವು."

ಮರುದಿನ ಬೆಳಿಗ್ಗೆ ಮಗುವನ್ನು ಬಿಟ್ಟುಕೊಡಿ ಅಂತ ಹಟ ಹಿಡಿದರು. ಅವಳ ಎರಡೂ ಕೈ ಹಿಡಿದು ಬೇಡಿದೆ. ಈಗ ಮೆತ್ತಗಿರುವ ನಾಳ ಕೆಲವು ತಿಂಗಳಲ್ಲಿ ಪೆಡಸಾಗುತ್ತದೆ, ಆಮೇಲೆ ಬಂದರೂ ನಮ್ಮಿಂದ ಏನೂ ಮಾಡಲಾಗುವುದಿಲ್ಲ ಎಂದು ಅಂಗಲಾಚಿದೆ. ಕೊನೆಗೆ ಕೂಗಾಡಿದೆ. ಗಂಡ ತಲೆ ತಗ್ಗಿಸಿ ನಿಂತಿದ್ದ. ಕಸ್ತೂರಿ ಮಗುವಿನ ಕಿವಿಗಳ ಮೇಲೆ ಸೆರಗು ಬಿಗಿದು ಕಟ್ಟಿ ಹೊರಟೇ ಹೋದಳು. ಸಂಜೆ ಪವಾಯಿಯ ಸೈಟಿಗೆ ಹೋಗಿ ನೋಡಿದರೆ ತಗಡಿನ ಶೆಡ್ಡು ಖಾಲಿ. ಊರಿಗೆ ಹೋದರು ಎಂದ ಕೂಲಿಯವರ ಮೇಲ್ವಿಚಾರಕ ಮುಕಾದಮ. ಫೋನು ಹತ್ತಲೇ ಇಲ್ಲ.

ಸಂಶೋಧನೆ ಮುಗಿಯಿತು. ಅವಳ ನಂಬರಿನ ಮುಂದೆ, ಮುಂದಿನ ಸ್ಥಿತಿ ತಿಳಿದಿಲ್ಲ ಎಂದು ಬರೆದೆವು. ಬೇರೆ ಏನು ಬರೆಯುವುದು? ಇವತ್ತಿಗೂ ಆಸ್ಪತ್ರೆಯ ಸಾಲಿನಲ್ಲಿ ಆ ಕಡೆಯ ಕನ್ನಡ ಕೇಳಿದರೆ ಓಡಿಹೋಗಿ ಮಗುವಿನ ಮುಖ ನೋಡುತ್ತೇನೆ. ಕಸ್ತೂರಿ ಎಂದೋ ನಿದ್ದೆಗಣ್ಣಿನಲ್ಲಿ ಆ ಹೆಸರು ಅಂದಿರಬಹುದು, ಅದು ನನ್ನ ಕಿವಿಗೆ ಬಿದ್ದಿರಬಹುದು ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಗುದ್ದು?

ಹೆಸರು ಯಾವುದು ಅಂತ ನೀವು ಕೇಳಬಹುದು. ನಾನು ಇದನ್ನೆಲ್ಲ ನಂಬುವುದಿಲ್ಲ, ಈಗಲೂ ನಂಬುವುದಿಲ್ಲ. ಆದರೂ ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಹುಡುಗಿ ಇನ್ನೂ ಎಲ್ಲೋ ಉಸಿರಾಡುತ್ತಿರಬಹುದು.