ಫ್ರೀಜರಿನ ಬಾಗಿಲು ಮತ್ತು ಅತ್ತೆಯ ಕಳಲೆ

ತೇವದ ವಿಷಯದಲ್ಲಿ ನನ್ನ ಗಂಡನಿಗೆ ಬುದ್ಧಿ ಹೇಳುವವರು ಸಕಲೇಶಪುರ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಣದಲ್ಲಿ ಹರಡಿದ ಕಾಫಿ ಬೀಜವನ್ನು ಹಲ್ಲಿನಲ್ಲಿ ಕಚ್ಚಿ, ಒಣಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತಾರೆ. ಆ ತೀರ್ಪಿಗೆ ಮೇಲ್ಮನವಿ ಇಲ್ಲ. ಇಂಥವರ ಮನೆಯ ಫ್ರೀಜರಿನಲ್ಲೇ ಹಿಮಾಲಯ ಬೆಳೆಯಿತು.

ಅದರೊಳಗಿದ್ದ ಮುಖ್ಯ ವಸ್ತು ಒಂದೇ. ಅತ್ತೆ ಕಳೆದ ಮಳೆಗಾಲದಲ್ಲಿ, ತೀರಿಕೊಳ್ಳುವ ಮುಂಚೆ, ಕೊಚ್ಚಿ ನೆನೆಸಿಟ್ಟಿದ್ದ ಕಳಲೆಯ ಡಬ್ಬಿ. ಎಳೆ ಬಿದಿರನ್ನು ಅವರಷ್ಟು ಸಣ್ಣಗೆ ಕೊಚ್ಚುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವರ ವರ್ಷದ ಎಡೆಗೆ ಅದನ್ನೇ ಬೇಯಿಸಿ ಇಡಬೇಕೆಂದು ನಾವಿಬ್ಬರೂ ತೀರ್ಮಾನಿಸಿದ್ದೆವು.

ಮತ್ತೆ ಮಳೆ ಹಿಡಿಯಿತು. ಬೆಂಕಿಪೆಟ್ಟಿಗೆ ಮೆತ್ತಗಾಯಿತು, ಉಪ್ಪು ನೀರಾಯಿತು, ಫ್ರೀಜರಿನ ಗೋಡೆಗೆ ಮಂಜು ಹತ್ತಿತು. ನಾನು ಒದ್ದೆ ಡಬ್ಬಿಗಳನ್ನು ಒರೆಸಿಟ್ಟೆ, ಬಿಸಿ ಕಡುಬನ್ನು ಆರಿದ ಮೇಲೇ ಒಳಗಿಟ್ಟೆ, ಬಾಗಿಲಿನ ರಬ್ಬರ್ ತೊಳೆದೆ. ಇವರೋ, ಹೋಗುತ್ತ ಬರುತ್ತ ಬಾಗಿಲು ತೆರೆದು ನಿಲ್ಲುತ್ತಿದ್ದರು.

"ಗಾಳಿ ಆಡ್ಬೇಕು ಕಣೆ. ಕಾಫಿಗೆ ಕೈಯಾಡಿಸ್ದಿದ್ರೆ ಬೂಷ್ಟು ಹಿಡಿಯಲ್ವಾ? ಇದೂ ಹಂಗೇಯ."

"ಹೊರಗಿನ ಗಾಳೀಲೇ ನೀರೈತೆ. ಅದೇ ಒಳಗೋಗಿ ಮಂಜಾಗೋದು. ಬಾಗ್ಲು ಹಾಕ್ರೀ!"

"ನಂಗೇ ತೇವದ ಪಾಠನಾ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಎಡೆಯ ಹಿಂದಿನ ದಿನ ನೋಡಿದರೆ ಡಬ್ಬಿಯೇ ಕಾಣದು, ಬರೀ ಮಂಜಿನ ಗೋಡೆ. ಇವರು ಗುಂಡಿ ತೋಡುವ ಹಾರೆ ಹಿಡಿದು ಅಡುಗೆಮನೆಗೆ ಬಂದರು. ಕಸಿದುಕೊಂಡೆ. ಸ್ವಿಚ್ ಆರಿಸಿ, ಬಿಸಿನೀರಿನ ಪಾತ್ರೆ ಒಳಗಿಟ್ಟು, "ಈಗ ತೆಗ್ದಿಡ್ರಿ ಬಾಗ್ಲು, ಬೇಕಾದಷ್ಟು ಹೊತ್ತು" ಅಂದೆ.

ಇವರು ಸ್ಟೂಲು ಎಳೆದುಕೊಂಡು ಅದರ ಮುಂದೆಯೇ ಕೂತರು. ಮಂಜು ಕರಗಿ ಡಬ್ಬಿಯ ಮುಚ್ಚಳ ಕಂಡಾಗ ಅದನ್ನು ಟವೆಲಿನಿಂದ ಒರೆಸುತ್ತ, "ಗಾಳಿನೂ ಇಲ್ಲ, ಸುಡುಗಾಡೂ ಇಲ್ಲ ಕಣೆ. ಅವ್ವನ ಡಬ್ಬಿ ನೋಡಾಣ ಅಂತ ತೆಗೀತಿದ್ದೆ" ಅಂದರು.

ನಾನು ಒಣಗಿದ ಇನ್ನೊಂದು ಟವೆಲು ತಂದು ಅವರ ಕೈಗಿಟ್ಟೆ.

ಮರುದಿನ ಎಡೆ ಇಟ್ಟು ಊಟಕ್ಕೆ ಕೂತೆವು. ಕಳಲೆ ನಾರುನಾರಾಗಿತ್ತು, ರುಚಿಯೆಲ್ಲ ಮಂಜಿನ ಪಾಲಾಗಿತ್ತು. ಇವರು ಒಂದು ಚೂರನ್ನು ಕಣದಲ್ಲಿ ಬೀಜ ಕಚ್ಚುವ ಹಾಗೆಯೇ ಹಲ್ಲಿನಲ್ಲಿ ಕಚ್ಚಿ ನೋಡಿದರು. ಕಣ್ಣು ತುಂಬಿತ್ತು.

"ಚೆನ್ನಾಗಿ ಒಣಗೈತೆ" ಅಂದರು. "ಇನ್ನೊಂದ್ ಸೌಟು ಹಾಕು."