ಮೆತ್ತಗಾದ ರೊಟ್ಟಿ

ಹೋದ ಮಳೆಗಾಲ ವಯಸ್ಸಾದ ಅಕ್ಕನನ್ನು ಕಾಡಿಬೇಡಿ ಮಂಗಳೂರಿಗೆ ಕರೆದೊಯ್ದೆ. ಮಳೆಯಲ್ಲಿ ಸಮುದ್ರ ನೋಡುವುದು ನನ್ನ ಕಾನ್ವೆಂಟ್ ದಿನಗಳ ಡ್ರೀಮ್. ಹೋಟೆಲ್ ಊಟ ಮುಟ್ಟದ ಅಕ್ಕ ಬನಹಟ್ಟಿಯಿಂದ ಡಬ್ಬಿ ತುಂಬ ಖಡಕ್ ಜೋಳದ ರೊಟ್ಟಿ ತಂದಿದ್ದಳು. ನಮ್ಮಲ್ಲಿ ಅವು ತಿಂಗಳಾದರೂ ಹಪ್ಪಳದಂತಿರುತ್ತವೆ. ಅಲ್ಲಿ ಮರುದಿನವೇ ಒದ್ದೆ ಅರಿವೆಯಂತಾದವು.

"ನಿನ್ನ ಸಮುದ್ರ ನನ್ನ ರೊಟ್ಟಿ ಹಾಳ ಮಾಡ್ತು. ನಾಳೆ ಊರಿಗೆ ನಡಿ ಬೇ!" ಎಂದಳು.

ಹಾಲಿಡೇ ಮುಗಿಯಿತೆಂದು ನಾನು ಬಾಲ್ಕನಿಯಲ್ಲಿ ಹೋಗಿ ಕೂತೆ. ಎದುರಿಗೆ ಆಕಾಶ, ಸಮುದ್ರ ಎರಡೂ ಸೇರಿ ಒಂದೇ ಬೂದು ಸೀರೆಯಾಗಿದ್ದವು. ಹಸಿವು ತಾಳದೆ ಅಕ್ಕ ಒಂದು ರೊಟ್ಟಿಗೆ ಶೇಂಗಾ ಚಟ್ನಿ ಉದುರಿಸಿ, ಸುತ್ತಿ ಬಾಯಿಗಿಟ್ಟಳು. ಮನೆಯಲ್ಲಾದರೆ ಸಾರಿನಲ್ಲಿ ನೆನೆಸದೆ ಅವಳ ಹಲ್ಲಿಲ್ಲದ ಬಾಯಿಗೆ ರೊಟ್ಟಿ ಬಗ್ಗುತ್ತಿರಲಿಲ್ಲ.

"ಏ, ಬೆಣ್ಣಿ ಆಗ್ಯಾವಲ್ಲ!" ಎಂದು ಕುರ್ಚಿಯನ್ನು ಮಳೆಯ ಕಡೆ ಎಳೆದುಕೊಂಡಳು. "ಇನ್ನೆರಡ ದಿನ ಇರೂಣು."