ಮೋಜಣಿ ರಾಯರ ನಾಯಿಗಾಡಿ

ನರಹರಿರಾಯರ ಕೋಟಿನ ಬಲಜೇಬಿನಲ್ಲಿ ಯಾವಾಗಲೂ ಒಂದು ಅಳತೆ ಟೇಪು ಇರುತ್ತಿತ್ತು. ಮೋಜಣಿ ಇಲಾಖೆಯಿಂದ ನಿವೃತ್ತರಾದ ಮೇಲೂ ಭೂಮಿ ತಮ್ಮನ್ನು ಕೇಳಿಕೊಂಡೇ ತಿರುಗುತ್ತದೆ ಎಂದು ನಂಬಿದ್ದ ಮನುಷ್ಯ. ಅವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಲು ಹೋದ ದಿನ ನನ್ನ ಊರು, ಜಾತಿ, ಕೆಲಸ ಒಂದನ್ನೂ ವಿಚಾರಿಸದೆ ಟೇಪು ತೆಗೆದು ನನ್ನ ಎತ್ತರ ಅಳೆದರು. ಬಾಗಿಲಿಗೆ ನನ್ನ ತಲೆ ತಾಗುವುದಿಲ್ಲ ಎಂದು ಖಾತ್ರಿಯಾದ ಮೇಲೆ, "ಕಣ್ಣು ಸುಳ್ಳು ಹೇಳುತ್ತೆ ಕಣ್ರೀ, ಟೇಪು ಹೇಳಲ್ಲ" ಎಂದರು. ಆಮೇಲೆ ಆ ಮಾತನ್ನು ಎಷ್ಟು ಸಲ ಕೇಳಿದೆನೆಂದರೆ, ದರ್ಜಿಯ ಕೊರಳಲ್ಲಿ ಟೇಪು ಕಂಡರೂ ನನಗೆ ಮೈ ಉರಿಯುತ್ತಿತ್ತು.

ಸತ್ತವರ ಬಗ್ಗೆ ಒಳ್ಳೆಯ ಮಾತೇ ಆಡಬೇಕು ಎನ್ನುತ್ತಾರೆ. ಹಾಗೆ ಹೇಳಿದವರು ಯಾರೂ ರಾಯರ ಮನೆಯಲ್ಲಿ ಬಾಡಿಗೆಗೆ ಇದ್ದವರಲ್ಲ.

ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಾನು ಅಲ್ಲೇ ಹತ್ತಿರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ರಾಯರ ಮನೆಯನ್ನು ಹುಡುಕುವುದಕ್ಕೆ ವಿಳಾಸ ಬೇಕಿರಲಿಲ್ಲ, 'ನಾಯಿಮನೆ' ಎಂದರೆ ಸಾಕಿತ್ತು. ಮೇಜರ್, ಡ್ಯೂಕ್, ಟೈಗರ್, ಬ್ಯೂಟಿ, ರಾಣಿ ಎಂದು ಐದು ನಾಯಿಗಳು. ಒಂದೂ ಜಾತಿನಾಯಿ ಅಲ್ಲ, ಎಲ್ಲವೂ ಸಿಕ್ಕಸಿಕ್ಕಲ್ಲಿಂದ ಎತ್ತಿಕೊಂಡು ಬಂದ ಬೀದಿಮರಿಗಳು. ಆದರೆ ರಾಯರು ಅವುಗಳಿಗೆ ಏಕವಚನ ಬಳಸಿದ್ದನ್ನು ನಾನು ಕೇಳಿಲ್ಲ. ಮೇಜರ್ ಅವರ ಊಟ ಆಯ್ತಾ, ಡ್ಯೂಕ್ ಅವರು ಯಾಕೋ ಸಪ್ಪಗಿದ್ದಾರೆ, ಹೀಗೆ. ಹೆಂಡತಿ ಮಾತ್ರ 'ಇವಳೇ'. ಹೆಂಡತಿಯ ಹೆಸರು ಹಿಡಿದು ಕರೆಯದಿರುವುದು ಆ ಕಾಲದಲ್ಲಿ ಹೊಸದೇನಲ್ಲ, ನಮ್ಮಪ್ಪನೂ ಕರೆದವನಲ್ಲ. ಆದರೆ ನಮ್ಮಪ್ಪ ಹಟ್ಟಿಯ ಎಮ್ಮೆಗೆ ಬಹುವಚನ ಹಚ್ಚುತ್ತಿರಲಿಲ್ಲ.

ಆಕೆಯ ಹೆಸರು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಲಿನವನಿಗೂ ತರಕಾರಿಯವಳಿಗೂ ಆಕೆ ನಾಯಿಮನೆಯಮ್ಮ. ನನಗೆ ಅಮ್ಮಾವ್ರು. ಬೆಳಗಾಗುವ ಮುಂಚೆ ಎದ್ದು ನೀರೊಲೆಯ ಪಕ್ಕದ ಕಲ್ಲೊಲೆಯ ಮೇಲೆ ಹಂಡೆಯಂಥ ಪಾತ್ರೆ ಇಟ್ಟು ನಾಯಿಗಳಿಗೆ ಮುದ್ದೆ ತಿರುವುತ್ತಿದ್ದರು. ಭಾನುವಾರ ನನ್ನ ಬಾಗಿಲು ತೆರೆದದ್ದು ಕಂಡರೆ ಒಂದು ಲೋಟ ಕಾಫಿ ತಂದು ಕಿಟಕಿಯ ಮೇಲಿಟ್ಟು ಹೋಗುತ್ತಿದ್ದರು. ಹೆಚ್ಚು ಮಾತಿನವರಲ್ಲ. ಆ ಮನೆಯಲ್ಲಿ ಮಾತಿಗೆ ಜಾಗವನ್ನು ನಾಯಿಗಳೇ ಹಿಡಿದುಕೊಂಡಿದ್ದವು.

ಒಂದು ದಿನ ಮಾಗಡಿಯಿಂದ ಅಮ್ಮಾವ್ರ ತಮ್ಮ ಬಂದ. ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಮಲಗಿದಲ್ಲೇ ಎಲ್ಲ, ದಿನವೂ ಮಗಳು ಬಂದಳಾ ಎಂದು ಕೇಳುತ್ತಾರೆ, ಹೆಚ್ಚು ದಿನ ಇರುವ ಹಾಗೆ ಕಾಣುವುದಿಲ್ಲ ಎಂದು ಹೇಳಿ, ಕೊಟ್ಟ ನೀರು ಕುಡಿದು ಹೊರಟುಹೋದ. ಅಮ್ಮಾವ್ರು ತೌರಿಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹೋದರೆ ನಾಯಿಗಳಿಗೆ ಬೇಯಿಸಿ ಹಾಕುವವರು ಯಾರು? ರಾಯರಿಗೆ ನಾಡಿನ ಗಡಿ ಗುರುತಿಸಲು ಬರುತ್ತಿತ್ತು, ಒಲೆ ಹಚ್ಚಲು ಬರುತ್ತಿರಲಿಲ್ಲ. ಅವರು ನಾಯಿಗಳನ್ನು ಬಿಟ್ಟು ಬರುವವರಲ್ಲ, ನಾಯಿಗಳನ್ನು ಬಸ್ಸಿಗೆ ಹತ್ತಿಸುವ ಕಂಡಕ್ಟರ್ ಹುಟ್ಟಿರಲಿಲ್ಲ. ರಾಯರು ಯೋಚಿಸಿ ತೀರ್ಪು ಕೊಟ್ಟರು. ಹಳೆಯದೊಂದು ಕಾರು ತೆಗೆದುಕೊಳ್ಳುವುದು, ಎಲ್ಲರೂ ಒಟ್ಟಿಗೆ ಹೋಗುವುದು. ಅಮ್ಮಾವ್ರು ಅದನ್ನು ನಂಬಿದರು. ಹಲ್ಲಿಲ್ಲದ ತಾಯಿಗೆಂದು ಅಕ್ಕಿ ಕಡಲೆ ಹುರಿದು ಬೀಸಿಸಿ ಒಂದು ಡಬ್ಬಿ ತುಂಬ ಹುರಿಹಿಟ್ಟು ಮಾಡಿಟ್ಟರು.

ನಾನು ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೈನ್ಯದ ವರ್ಕ್‌ಶಾಪಿನಲ್ಲಿದ್ದವನು, ಗಾಡಿ ಓಡಿಸಲು ಬರುತ್ತಿತ್ತು. ಹಾಗಾಗಿ ಭಾನುವಾರಗಳು ರಾಯರ ಪಾಲಾದವು. ಕಾರು ಹೇಗಿರಬೇಕೆಂದು ಅವರ ತಲೆಯಲ್ಲಿ ನಿಖರವಾಗಿತ್ತು. ಪೆಟ್ರೋಲು ಮೂಸಿ ನೋಡಿ ಓಡಬೇಕು, ಐದು ನಾಯಿಗಳಿಗೆ ಕೈಕಾಲು ಚಾಚಲು ಜಾಗ ಇರಬೇಕು. ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಮಾರುವವರನ್ನು ಕೇಳುವುದು, ಅವರು ಹೇಳಿದ್ದರಲ್ಲಿ ಅರ್ಧವನ್ನು ಅವರೆದುರಿಗೇ ಕಳೆಯುವುದು. ಸಣ್ಣ ಕಾರು ಕಂಡರೆ, "ಇದರಲ್ಲಿ ಡ್ಯೂಕ್ ಅವರ ಬಾಲ ಮಾತ್ರ ಹೋಗುತ್ತೆ" ಎನ್ನುವರು. ದೊಡ್ಡದು ಕಂಡರೆ, ಇದನ್ನು ಸಾಕುವುದಕ್ಕಿಂತ ಆನೆ ಸಾಕುವುದು ಲೇಸು ಎನ್ನುವರು.

ಬಸವನಗುಡಿಯ ಒಬ್ಬ ವಕೀಲರ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಕನ್ನಡಿಯ ಹಾಗೆ ಒರೆಸಿಟ್ಟ ಕಾರು. ರಾಯರು ಸುತ್ತ ಒಂದು ಸಲ ನೋಡಿ, ಚಪ್ಪಲಿ ಕಳಚಿ ಹಿಂದಿನ ಸೀಟಿಗೆ ಹತ್ತಿ ಮಗ್ಗುಲಾಗಿ ಮುದುರಿಕೊಂಡರು. ಇದು ಬ್ಯೂಟಿ ಅವರು ಮಲಗುವ ರೀತಿ ಎಂದು ಒಳಗಿಂದಲೇ ವಿವರಿಸಿದರು. ಆಮೇಲೆ ನಾಲ್ಕು ಕೈಕಾಲೂ ಚಾಚಿ, ಇದು ಟೈಗರ್ ಅವರದು ಎಂದರು. ವಕೀಲರ ಹೆಂಡತಿ ಮಕ್ಕಳು ಜಗುಲಿಗೆ ಬಂದು ನಿಂತಿದ್ದರು. ಬಾನೆಟ್ಟು ತೆಗೆದು ತೋರಿಸಲಾ ಎಂದು ವಕೀಲರು ಮರ್ಯಾದೆಯಿಂದ ಕೇಳಿದ್ದಕ್ಕೆ ಈ ಮಹಾನುಭಾವರು ಹೇಳಿದ್ದು ಇಷ್ಟು: "ಇಂಜಿನ್ನಲ್ಲಿ ನಾಯಿ ಕೂರಲ್ಲ, ಸ್ವಾಮಿ."

ಹೀಗೆ ಮಲ್ಲೇಶ್ವರ, ಚಾಮರಾಜಪೇಟೆ, ದಂಡು ಪ್ರದೇಶ ಎಲ್ಲ ಸುತ್ತಿದೆವು. ನಾನು ಒಮ್ಮೆ ತಾಳ್ಮೆ ತಪ್ಪಿ, ಒಂದು ದಿನದ ಮಟ್ಟಿಗೆ ಯಾವುದಾದರೂ ಬಾಡಿಗೆ ಕಾರು ಮಾಡಿಕೊಂಡು ಅಮ್ಮಾವ್ರನ್ನು ಕರೆದುಕೊಂಡು ಹೋಗೋಣ ಸಾರ್, ಹೊತ್ತು ಮೀರುತ್ತಿದೆ ಎಂದೆ. ಅಳತೆ ತಿಳಿಯದ ಕಾರಿಗೆ ತಮ್ಮ ನಾಯಿಗಳನ್ನು ಹತ್ತಿಸುವುದಿಲ್ಲ ಎಂದರು. ಹುರಿಹಿಟ್ಟು ಮುಗ್ಗು ಹಿಡಿಯಿತು. ಅಮ್ಮಾವ್ರು ಅದನ್ನು ಚೆಲ್ಲಿ ಮತ್ತೆ ಹುರಿದು ಡಬ್ಬಿ ತುಂಬಿಸಿದರು.

ಕೊನೆಗೆ ಕಾಟನ್‌ಪೇಟೆಯಲ್ಲಿ ಒಂದು ಬೇಕರಿಯ ಹಳೆಯ ಬ್ರೆಡ್ಡಿನ ವ್ಯಾನು ಸಿಕ್ಕಿತು. ಮುಂದೆ ಡ್ರೈವರಿನ ಸೀಟು, ಪಕ್ಕದಲ್ಲಿ ಇನ್ನೊಂದು, ಹಿಂದೆಲ್ಲ ಖಾಲಿ ಪೆಟ್ಟಿಗೆ. ಸಣ್ಣ ಇಂಜಿನ್ನು, ಪೆಟ್ರೋಲು ಕಡಿಮೆ ಕುಡಿಯುತ್ತಿದ್ದದ್ದು ನಿಜ. ಆದರೆ ಬೀಡಿ ಸೇದುವ ಮುದುಕನ ಹಾಗೆ ಕೆಮ್ಮುತ್ತಿತ್ತು, ಹಿಂದಿನಿಂದ ನೀಲಿ ಹೊಗೆ. ನಾನು ಬೇಡ ಎಂದೆ. ಅಷ್ಟರಲ್ಲಿ ಜೊತೆಗೆ ಬಂದಿದ್ದ ಮೇಜರ್ ಹಿಂದಿನ ಬಾಗಿಲಿನಿಂದ ಒಳಕ್ಕೆ ಹಾರಿ, ಬ್ರೆಡ್ಡಿನ ವಾಸನೆಯಲ್ಲಿ ಮೈಮರೆತು ಹಲಗೆ ನೆಕ್ಕತೊಡಗಿತ್ತು. ಎಳೆದರೂ ಇಳಿಯಲಿಲ್ಲ. ರಾಯರು ಟೇಪು ಹಿಡಿದು ಒಳಗೆಲ್ಲ ಅಳೆದು ಹೊರಬಂದಾಗ ಅವರ ಮುಖದಲ್ಲಿ ನಾನು ಮೊದಲ ಸಲ ಸಂತೋಷ ಕಂಡೆ. ಮೇಜರ್ ಒಪ್ಪಿದ್ದಾರೆ ಎಂದರು. ನಾನು ಒಪ್ಪದ್ದು ಲೆಕ್ಕಕ್ಕೆ ಬರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ರಾಯರು ಹಿಂದಿನ ದಿನವೆಲ್ಲ ವ್ಯಾನಿನೊಳಗೆ ಕೂತು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು. ಹಲಗೆಯ ಮೇಲೆ ಐದು ಚೌಕ, ಒಂದೊಂದರಲ್ಲೂ ಒಂದೊಂದು ನಾಯಿಯ ಹೆಸರು, ದುಂಡಗೆ, ಸರ್ವೆ ನಕ್ಷೆಯಲ್ಲಿ ಬರೆಯುವ ಅಕ್ಷರದಲ್ಲಿ. ನೀರಿನ ಬಟ್ಟಲಿಗೂ ಒಂದು ಪುಟ್ಟ ಚೌಕ. ನಾಯಿಗಳು ಹತ್ತಿದವು. ನಾನು ಸ್ಟೀರಿಂಗಿನ ಮುಂದೆ ಕೂತೆ. ರಾಯರು ಪೇಟ ಸರಿಮಾಡಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ಅಮ್ಮಾವ್ರು ರೇಷ್ಮೆ ಸೀರೆ ಉಟ್ಟು, ಕಂಕುಳಲ್ಲಿ ಹುರಿಹಿಟ್ಟಿನ ಡಬ್ಬಿ ಇಟ್ಟುಕೊಂಡು ಹೊರಬಂದರು. ಹಿಂದೆ ಹೋಗಿ ಒಳಗೆ ಇಣುಕಿದರು. ಮುಂದೆ ಬಂದು ಇಣುಕಿದರು. ಗಂಡನನ್ನು ಕೇಳಲಿಲ್ಲ, ನನ್ನ ಕಡೆ ತಿರುಗಿ ಕೇಳಿದರು.

"ನಾನೆಲ್ಲಿ ಕೂರ್ಲಪ್ಪಾ?"

ರಾಯರು ಇಳಿದು ಹಿಂದೆ ಹೋಗಿ ತಮ್ಮ ಗೆರೆಗಳನ್ನು ನೋಡಿದರು. ಟೇಪು ಹೊರಗೆ ಬಂತು, ಮತ್ತೆ ಜೇಬಿಗೆ ಹೋಯಿತು. ನಾಯಿಯ ಬಾಲಕ್ಕೆಲ್ಲ ಜಾಗ ಬಿಟ್ಟಿದ್ದ ಮನುಷ್ಯ, ಯಾರ ತಾಯಿಯನ್ನು ನೋಡಲು ಹೊರಟಿದ್ದರೋ ಆಕೆಯನ್ನೇ ಮರೆತಿದ್ದರು. ಎರಡು ನಾಯಿಗಳನ್ನು ಮನೆಯಲ್ಲಿ ಬಿಡೋಣ, ಇಲ್ಲವೇ ನೀವು ಹಿಂದೆ ಕೂತುಕೊಳ್ಳಿ ಸಾರ್ ಎಂದೆ. ಮೇಜರ್ ಅವರಿಗೆ ಮುಂದಿನ ಸೀಟಿನಲ್ಲಿ ತಮ್ಮ ಹೆಗಲು ಕಾಣದಿದ್ದರೆ ತಲೆ ಸುತ್ತುತ್ತದೆ ಎಂದು ರಾಯರಿಂದ ಉತ್ತರ ಬಂತು. ಆಮೇಲೆ ಹೆಂಡತಿಯ ಮುಖ ನೋಡದೆ ಹೇಳಿದರು: "ಇವಳೇ, ನೀನು ಬಸ್ಸಲ್ಲಿ ಹೋಗಿಬಿಡು. ನಾವು ಹಿಂದೇನೇ ಬರ್ತೀವಿ."

ಅಮ್ಮಾವ್ರು, "ಬಸ್ಸು ಇಷ್ಟು ದಿನಾನೂ ಇತ್ತಲ್ಲ" ಎಂದರು. ಅಷ್ಟೇ. ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಮಾಗಡಿ ರಸ್ತೆಯ ಕಡೆಗೆ ನಡೆದರು.

ನಾವು ಹಿಂದೇನೇ ಹೋಗಲಿಲ್ಲ. ತಾವರೆಕೆರೆ ದಾಟಿದ ಮೇಲಿನ ಏರಿನಲ್ಲಿ ವ್ಯಾನು ಕುದಿದು ನಿಂತಿತು, ಡ್ಯೂಕ್ ತನ್ನ ಚೌಕ ಬಿಟ್ಟು ರಾಣಿಯ ಚೌಕದಲ್ಲಿ ವಾಂತಿ ಮಾಡಿತು. ಇಂಜಿನ್ನು ತಣಿಯಲಿ, ನೀರು ಹಾಕಿ ಹೇಗಾದರೂ ಮುಟ್ಟಿಸುತ್ತೇನೆ ಎಂದು ನಾನು ಬೇಡಿಕೊಂಡೆ. ಡ್ಯೂಕ್ ಅವರಿಗೆ ಪ್ರಯಾಣ ಆಗದು, ಹಿಂದಕ್ಕೆ ತಿರುಗಿಸಿ ಎಂದು ಅಪ್ಪಣೆಯಾಯಿತು. ತಿರುಗಿಸಿದೆ.

ಅಮ್ಮಾವ್ರು ಮುಟ್ಟುವ ಹೊತ್ತಿಗೆ ತಾಯಿಗೆ ಮಗಳ ಗುರುತು ಹೋಗಿತ್ತು. ಹಿಂದಿನ ವಾರದವರೆಗೂ ಬಾಗಿಲ ಕಡೆ ನೋಡಿ ಮಗಳು ಬಂದಳಾ ಎಂದು ಕೇಳುತ್ತಿದ್ದರಂತೆ. ಈಗ ಮಗಳೇ ಹುರಿಹಿಟ್ಟು ಕಲಸಿ ಬಾಯಿಗಿಟ್ಟರೆ, ನೀನು ಯಾರಮ್ಮ, ಪುಣ್ಯವಂತೆ ಎಂದರಂತೆ. ಇದನ್ನೆಲ್ಲ ಅವರ ತಮ್ಮ ಬಂದು ಹೇಳಿದ. ಅಕ್ಕ ಸದ್ಯಕ್ಕೆ ಬರುವುದಿಲ್ಲ ಎಂದೂ ಹೇಳಿದ. ತಾಯಿ ತೀರಿಕೊಂಡ ಮೇಲೂ ಅವರು ಬರಲಿಲ್ಲ. ರಾಯರು ಕೆಲಸದವಳೊಬ್ಬಳನ್ನು ಗೊತ್ತುಮಾಡಿ ಮುದ್ದೆಗೆ ಎಷ್ಟು ಹಿಟ್ಟು, ಎಷ್ಟು ನೀರು ಎಂದು ಅಳತೆ ಹೇಳಿಕೊಟ್ಟರು. ನಾನು ಆ ತಿಂಗಳೇ ಶ್ರೀರಾಮಪುರದಲ್ಲಿ ಒಂದು ಕೋಣೆ ಹುಡುಕಿಕೊಂಡೆ. ಬಿಡುವುದಕ್ಕೆ ಕಾರಣ ಕೇಳಿದರು. ತಲೆ ಬಾಗಿಲಿಗೆ ತಾಗುತ್ತಿದೆ ಸಾರ್ ಎಂದೆ. ಅವರು ನಂಬದೆ ಅಳೆಯಲು ಬಂದರು.

ಕೆಲವು ವರ್ಷಗಳ ಮೇಲೆ, ನನ್ನ ಮದುವೆಯಾದ ಹೊಸತರಲ್ಲಿ, ಆ ಬೀದಿಯಲ್ಲಿ ಹಾದುಹೋಗುವಾಗ ಒಳಗೆ ಹೋದೆ. ಪ್ರೀತಿಯಿಂದಲ್ಲ, ಕುತೂಹಲದಿಂದ. ಬೀದಿಯಲ್ಲಿ ಮನೆಗಳು ತುಂಬಿದ್ದವು. ಅಂಗಳದಲ್ಲಿ ವ್ಯಾನು ಚಕ್ರಗಳಿಲ್ಲದೆ ಇಟ್ಟಿಗೆಗಳ ಮೇಲೆ ಕೂತಿತ್ತು. ಒಳಗೆ, ಗಾಡಿ ಓಡಿಸಲು ಬಾರದ ರಾಯರು ಡ್ರೈವರಿನ ಸೀಟಿನಲ್ಲಿ ಸ್ಟೀರಿಂಗು ಹಿಡಿದು ಕೂತಿದ್ದರು. ಹಿಂದೆ ರಾಣಿ ಒಂದೇ ಮಲಗಿತ್ತು, ಕಣ್ಣು ಮಂಜಾಗಿ. ಉಳಿದವೆಲ್ಲ ಸತ್ತಿದ್ದವು. ನನ್ನ ಗುರುತು ಹಿಡಿದು ಬನ್ನಿ ಎಂದರು. ನಾನು ಪಕ್ಕದ ಸೀಟಿಗೆ ಕಾಲಿಟ್ಟೆ.

"ಅಲ್ಲಿ ಬೇಡ ಕಣ್ರೀ," ಎಂದರು. "ಅದು ಜಯಲಕ್ಷ್ಮಿ ಜಾಗ."

ನಾನು ಹಿಂದೆ ತಿರುಗಿ ನೋಡಿದೆ. ರಾಣಿ ಬಿಟ್ಟರೆ ಬೇರೆ ಕಾಣಲಿಲ್ಲ. ಹೊಸ ನಾಯಿ ತಂದಿದ್ದೀರಾ ಸಾರ್ ಎಂದು ಕೇಳಿದೆ. ಹಂಗಿಸಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ನಾಯಿಯೆಂದೇ ತಿಳಿದೆ.

ರಾಯರು ಸ್ಟೀರಿಂಗಿನ ಮೇಲಿದ್ದ ತಮ್ಮ ಕೈಗಳನ್ನೇ ನೋಡುತ್ತಿದ್ದರು. "ನಮ್ಮನೆಯವಳು" ಎಂದರು.

ಈ ಕಥೆ ಕೇಳಿದವರು ಇಲ್ಲಿಗೆ ಬಂದಾಗ ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಪಾಪ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆಕೆ ಸತ್ತಿರಲಿಲ್ಲ, ಮಾಗಡಿಯಲ್ಲಿ ತಮ್ಮನ ಮನೆಯಲ್ಲಿ ಇದ್ದರು. ಅಲ್ಲಿಗೆ ಹೊರಡುವ ಬಸ್ಸಿನ ಹಾರ್ನ್ ಸದ್ದು ಆ ಅಂಗಳಕ್ಕೇ ಕೇಳಿಸುತ್ತಿತ್ತು. ಮಾಗಡಿಗೆ ಬಸ್ಸಿದೆಯಲ್ಲ ಸಾರ್, ಹೋಗಿ ಕರೆದುಕೊಂಡು ಬನ್ನಿ ಎಂದೆ. ಅವರು ಕೈ ಹಿಂದೆ ಚಾಚಿ ರಾಣಿಯ ಕಿವಿ ಸವರಿದರು.

"ಇವರನ್ನ ಬಸ್ಸಿಗೆ ಹತ್ತಿಸಲ್ಲ ಕಣ್ರೀ ಅವರು" ಎಂದರು.

ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಆಗ ಕಂಡಿತು. ಸೀಟಿನ ಕಪ್ಪು ರೆಕ್ಸಿನ್ನಿನ ಮೇಲೆ ಸೀಮೆಸುಣ್ಣದ ಚೌಕ ಒಂದಿತ್ತು, ಅದರೊಳಗೆ ದುಂಡಗೆ ಬರೆದ ಹೆಸರು. ಮಾಸಿದ ಗೆರೆಯ ಮೇಲೆ ಮತ್ತೆ ಮತ್ತೆ ಎಳೆದ ಹಾಗಿತ್ತು. ಅಳತೆ ಸರಿಯಾಗಿತ್ತು, ಒಬ್ಬ ಹೆಂಗಸು ಡಬ್ಬಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಆರಾಮಾಗಿ ಕೂರಬಹುದಿತ್ತು.